ಮೂವತ್ತೈದೂವರೆಯ ಒಗಟು

ಪ್ರೌಢಶಾಲೆಯ ವಿಜ್ಞಾನದ ಕೊಠಡಿಯಲ್ಲಿ ಮೂಲವಸ್ತುಗಳ ಆವರ್ತ ಕೋಷ್ಟಕವನ್ನು ತೂಗುಹಾಕಿರುವುದು ಸಾಮಾನ್ಯ. ಅದರ ಹದಿನೇಳನೆಯ ಮೂಲವಸ್ತು ಕ್ಲೋರಿನ್. ಆ ಮನೆಯ ಮೇಲ್ಭಾಗದಲ್ಲಿ 17 ಎಂಬ ಅಂಕಿಯೂ ಕೆಳಭಾಗದಲ್ಲಿ 35.45 ಎಂಬ ಅಂಕಿಯೂ ಅಚ್ಚಾಗಿರುತ್ತವೆ. ಪಠ್ಯಪುಸ್ತಕದ ಬೇರೊಂದು ಪುಟವನ್ನು ತೆರೆದರೆ ಅದೇ ಕ್ಲೋರಿನ್ನಿನ ಪಕ್ಕದಲ್ಲಿ 35 ಎಂದೋ 37 ಎಂದೋ ಬರೆದಿರುತ್ತದೆ. ಇನ್ನೂ ದೊಡ್ಡ ಗ್ರಂಥವನ್ನು ನೋಡಹೊರಟರೆ 34.96885 ಎಂಬ ಉದ್ದನೆಯ ಸಂಖ್ಯೆಯೊಂದು ಎದುರಾಗುತ್ತದೆ. ಒಂದೇ ಮೂಲವಸ್ತುವಿಗೆ ಇಷ್ಟೊಂದು ಅಂಕಿಗಳೇಕೆ? ಇವುಗಳಲ್ಲಿ ಸರಿಯಾದುದು ಯಾವುದು?

ಎಲ್ಲವೂ ಸರಿಯಾದುವೇ. ಆದರೆ ಒಂದೊಂದೂ ಒಂದೊಂದು ಬೇರೆ ಪ್ರಶ್ನೆಗೆ ದೊರೆತ ಉತ್ತರ. 35 ಮತ್ತು 37 ಎಂಬುವು ರಾಶಿಸಂಖ್ಯೆಗಳು. 34.96885 ಎಂಬುದು ಪರಮಾಣು ರಾಶಿ. 35.45 ಎಂಬುದು ಪರಮಾಣು ತೂಕ. ಹೆಸರುಗಳು ಒಂದನ್ನೊಂದು ಹೋಲುವುದರಿಂದ ಒಂದರ ಸ್ಥಾನದಲ್ಲಿ ಇನ್ನೊಂದನ್ನು ಬಳಸುವ ರೂಢಿ ವಿದ್ಯಾರ್ಥಿಗಳಲ್ಲಿ ಮಾತ್ರವಲ್ಲ, ತಿಳಿದವರಲ್ಲಿಯೂ ಉಂಟು. ಈ ಮೂರು ಪದಗಳನ್ನು ಯಾರೋ ಒಬ್ಬರು ಒಂದೇ ದಿನ ಕುಳಿತು ರಚಿಸಿದುದಿಲ್ಲ. ಅವುಗಳ ಹಿಂದೆ ನೂರು ವರ್ಷಕ್ಕೂ ಮೀರಿದ ಒಂದು ವಿವಾದವಿದೆ. ಆ ವಿವಾದದ ಉದ್ದಕ್ಕೂ ಕಾಲಿಗೆ ಚುಚ್ಚಿದ ಮುಳ್ಳಿನಂತೆ ವಿಜ್ಞಾನಿಗಳನ್ನು ಕಾಡಿದುದು ಕ್ಲೋರಿನ್ನಿನ ಮೂವತ್ತೈದೂವರೆಯೇ.

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದಲ್ಲಿ ಜಾನ್ ಡಾಲ್ಟನ್ ಎಂಬಾತನು ಪಾಠ ಹೇಳಿ ಜೀವನ ಸಾಗಿಸುತ್ತಿದ್ದನು. ವಸ್ತುಗಳೆಲ್ಲವೂ ಪರಮಾಣುಗಳಿಂದಾದುವು ಎಂದು ಹೇಳಿದವರು ಅವನಿಗಿಂತ ಎರಡು ಸಾವಿರ ವರ್ಷ ಹಿಂದೆಯೇ ಇದ್ದರು. ನಮ್ಮ ದೇಶದ ವೈಶೇಷಿಕರೂ ಆ ಮಾತನ್ನು ಆಡಿದ್ದರು. ಡಾಲ್ಟನ್ನನು ಮಾಡಿದ ಹೊಸ ಕೆಲಸವೆಂದರೆ ಆ ಪರಮಾಣುಗಳಿಗೆ ತೂಕವನ್ನು ಕಟ್ಟಿದುದು. ಒಂದು ಪರಮಾಣುವನ್ನು ಹಿಡಿದು ತಕ್ಕಡಿಯಲ್ಲಿಡುವುದು ಯಾರಿಂದಲೂ ಸಾಧ್ಯವಿರಲಿಲ್ಲ. ಆದರೆ ಎರಡು ಮೂಲವಸ್ತುಗಳು ಕೂಡುವಾಗ ಇದರ ಎಷ್ಟು ಭಾಗ ಅದರ ಎಷ್ಟು ಭಾಗದೊಡನೆ ಸೇರುತ್ತದೆಯೆಂಬುದನ್ನು ತೂಗಬಹುದು. ಅದರಿಂದ ಒಂದರ ಪರಮಾಣು ಇನ್ನೊಂದರ ಪರಮಾಣುವಿಗಿಂತ ಎಷ್ಟು ಪಾಲು ಭಾರವೆಂದು ಹೇಳಬಹುದು. ಎಲ್ಲಕ್ಕಿಂತ ಹಗುರವಾದ ಜಲಜನಕವನ್ನು ಒಂದು ಎಂದಿಟ್ಟುಕೊಂಡು 1803ರಲ್ಲಿ ಅವನು ಮೊದಲ ಪಟ್ಟಿಯನ್ನು ಸಿದ್ಧಪಡಿಸಿದನು. ಆ ಪಟ್ಟಿಯಲ್ಲಿ ಆಮ್ಲಜನಕದ ತೂಕ ಕೇವಲ ಐದೂವರೆ! ತೂಗುವಿಕೆ ಒರಟಾಗಿತ್ತು, ಅಲ್ಲದೆ ನೀರಿನಲ್ಲಿ ಜಲಜನಕದ ಒಂದು ಪರಮಾಣುವಿಗೆ ಆಮ್ಲಜನಕದ ಒಂದು ಪರಮಾಣು ಇದೆಯೆಂದು ಅವನು ಎಣಿಸಿದ್ದನು. ಇಂತಹ ತೊಡಕುಗಳು ಬಗೆಹರಿಯಲು ಮುಂದೆ ಅರ್ಧ ಶತಮಾನವೇ ಹಿಡಿಯಿತು. ಆದರೂ ದಾರಿ ತೆರೆದಂತಾಯಿತು. ಪರಮಾಣು ತೂಕವೆಂಬ ಹೆಸರು ಹುಟ್ಟಿದುದು ಈ ಕಾಲದಲ್ಲಿ.

ಪಟ್ಟಿಗಳು ಬೆಳೆದಂತೆ ಒಂದು ವಿಚಿತ್ರ ಸಂಗತಿ ಕೆಲವರ ಕಣ್ಣಿಗೆ ಬಿದ್ದಿತು. ಬಹಳಷ್ಟು ಮೂಲವಸ್ತುಗಳ ತೂಕ ಪೂರ್ಣಾಂಕಕ್ಕೆ ತೀರ ಹತ್ತಿರವಿರುತ್ತದೆ. ಇಂಗಾಲ 12, ಸಾರಜನಕ 14, ಆಮ್ಲಜನಕ 16, ಗಂಧಕ 32. ಇದು ಬರಿಯ ಕಾಕತಾಳೀಯವೇ? ಲಂಡನ್ನಿನಲ್ಲಿ ವೈದ್ಯವೃತ್ತಿ ನಡೆಸುತ್ತಿದ್ದ ವಿಲಿಯಂ ಪ್ರೌಟ್ ಅಲ್ಲವೆಂದನು. 1815ರಲ್ಲಿ, ತನ್ನ ಹೆಸರನ್ನೂ ಹಾಕದೆ, ಅವನೊಂದು ಲೇಖನವನ್ನು ಪ್ರಕಟಿಸಿದನು. ಎಲ್ಲ ಮೂಲವಸ್ತುಗಳ ತೂಕವೂ ಜಲಜನಕದ ತೂಕದ ಇಷ್ಟು ಮಡಿ ಎಂದು ಪೂರ್ಣಾಂಕದಲ್ಲಿಯೇ ಇರಬೇಕು; ಏಕೆಂದರೆ ಎಲ್ಲವೂ ಜಲಜನಕದಿಂದಲೇ ಕಟ್ಟಲ್ಪಟ್ಟಿವೆ ಎಂಬುದು ಅವನ ಅಭಿಪ್ರಾಯದ ಸಾರ. ಚಿನ್ನ, ಕಬ್ಬಿಣ, ಗಂಧಕ, ಇಂಗಾಲ ಎಂದು ಬೇರೆ ಬೇರೆಯಾಗಿ ತೋರುವ ಎಲ್ಲವೂ ಒಂದೇ ದ್ರವ್ಯದ ನಾನಾ ರೂಪಗಳು! ಇಷ್ಟು ಸೊಗಸಾದ ಮಾತನ್ನು ನಂಬದಿರುವುದು ಕಷ್ಟ.

ಆದರೆ ಕ್ಲೋರಿನ್ ಅಡ್ಡ ನಿಂತಿತು. ಸ್ವೀಡನ್ನಿನ ಮಹಾ ರಸಾಯನಶಾಸ್ತ್ರಜ್ಞ ಬರ್ಜೀಲಿಯಸ್ ಎಷ್ಟು ಸಲ ತೂಗಿದರೂ ಅದು 35 ಆಗಲಿಲ್ಲ, 36 ಆಗಲಿಲ್ಲ; ನಡುವೆಯೇ ನಿಂತಿತು. ಪ್ರೌಟನ ಪಕ್ಷದವರು ಸುಮ್ಮನಾಗಲಿಲ್ಲ. ಜಲಜನಕದ ಪರಮಾಣುವನ್ನು ಬಿಟ್ಟು ಅದರ ಅರ್ಧವನ್ನು ಅಳತೆಯಾಗಿಟ್ಟುಕೊಂಡರೆ ಮೂವತ್ತೈದೂವರೆ ಎಂಬುದು ಎಪ್ಪತ್ತೊಂದು ಅರ್ಧಗಳಾಗುತ್ತದೆಯೆಂದು ಒಬ್ಬನು ಸೂಚಿಸಿದನು. ಅರ್ಧವೂ ಹೊಂದದಿದ್ದಾಗ ಕಾಲನ್ನು ಇಟ್ಟುಕೊಳ್ಳೋಣವೆಂದು ಮತ್ತೊಬ್ಬನು ಹೇಳಿದನು. ಅಳತೆಯ ಕೋಲನ್ನು ಹೀಗೆ ಮುರಿಯುತ್ತ ಹೋದರೆ ಯಾವ ಸಂಖ್ಯೆಯನ್ನಾದರೂ ಪೂರ್ಣಾಂಕವೆನ್ನಬಹುದು. ಅದು ಸಿದ್ಧಾಂತವನ್ನು ಉಳಿಸುವ ಉಪಾಯವಾದೀತೇ ಹೊರತು ಸತ್ಯವನ್ನು ತಿಳಿಯುವ ಮಾರ್ಗವಾಗಲಾರದು.

ಈ ವ್ಯಾಜ್ಯವನ್ನು ತಕ್ಕಡಿಯಿಂದಲೇ ತೀರ್ಮಾನಿಸಲು ಹೊರಟವನು ಬೆಲ್ಜಿಯಂ ದೇಶದ ಸ್ಟಾಸ್. ಅವನು ಪ್ರೌಟನ ವಿರೋಧಿಯಾಗಿರಲಿಲ್ಲ. ತರುಣನಾಗಿದ್ದಾಗ ಇಂಗಾಲದ ತೂಕವನ್ನು ನಿರ್ಣಯಿಸುವ ಕೆಲಸದಲ್ಲಿ ಭಾಗಿಯಾಗಿ, ಅದು ಸರಿಯಾಗಿ 12 ಬಂದುದನ್ನು ಕಂಡು ಪ್ರೌಟನ ಮಾತನ್ನು ಪೂರ್ಣವಾಗಿ ನಂಬಿದ್ದವನು. ಆ ನಂಬಿಕೆಯಿಂದಲೇ ಅವನು ಬೆಳ್ಳಿಯನ್ನೂ ಕ್ಲೋರಿನ್ನನ್ನೂ ಸಾರಜನಕವನ್ನೂ ಅತ್ಯಂತ ಶುದ್ಧರೂಪದಲ್ಲಿ ಪಡೆದು, ಅಂದಿನವರೆಗೆ ಯಾರೂ ಕಾಣದಷ್ಟು ಸೂಕ್ಷ್ಮವಾಗಿ, ವರ್ಷಗಟ್ಟಲೆ ತೂಗಿದನು. 1860ರಲ್ಲಿ ಫಲಿತಾಂಶ ಹೊರಬಿದ್ದಿತು. ಕ್ಲೋರಿನ್ 35.46ರ ಆಸುಪಾಸಿನಲ್ಲಿಯೇ ನಿಂತಿತ್ತು. ಸಾರಜನಕವೂ ಸರಿಯಾಗಿ 14 ಆಗಿರಲಿಲ್ಲ. ತಾನು ನಂಬಿದ್ದ ನಿಯಮ ಬರಿಯ ಭ್ರಮೆಯೆಂದು ಸ್ಟಾಸ್ ಮುಚ್ಚುಮರೆಯಿಲ್ಲದೆ ಬರೆದನು. ತನ್ನ ಪ್ರಿಯವಾದ ಮತಕ್ಕೆ ವಿರುದ್ಧವಾಗಿ ಸಾಕ್ಷ್ಯ ನುಡಿಯುವುದು ಎಲ್ಲರಿಂದಲೂ ಆಗುವ ಕೆಲಸವಲ್ಲ.

ಒಗಟು ಅಲ್ಲಿಗೆ ಮುಗಿದಂತೆ ತೋರಿತು, ಆದರೆ ಮುಗಿಯಲಿಲ್ಲ. ನಿಯಮವೇ ಇಲ್ಲದಿದ್ದರೆ ಅಷ್ಟೊಂದು ತೂಕಗಳು ಪೂರ್ಣಾಂಕದ ಬಳಿಗೆ ಬಂದು ನಿಲ್ಲುವುದೇಕೆ? 1901ರಲ್ಲಿ ಸ್ಟ್ರಟ್ ಎಂಬ ಭೌತವಿಜ್ಞಾನಿ, ಇದು ಕೇವಲ ಆಕಸ್ಮಿಕವಾಗಿರುವ ಸಂಭವ ಸುಮಾರು ಸಾವಿರಕ್ಕೆ ಒಂದರಷ್ಟು ಮಾತ್ರವೆಂದು ಗಣಿತದಿಂದ ತೋರಿಸಿದನು. ಅದಕ್ಕೂ ಮೊದಲು, 1886ರಲ್ಲಿ, ವಿಲಿಯಂ ಕ್ರೂಕ್ಸ್ ಒಂದು ದಿಟ್ಟವಾದ ಊಹೆಯನ್ನು ಮುಂದಿಟ್ಟಿದ್ದನು. ಕ್ಯಾಲ್ಸಿಯಮ್ಮಿನ ತೂಕ 40 ಎಂದಾಗ ಅದರ ಒಂದೊಂದು ಪರಮಾಣುವೂ 40 ಎಂದು ತಿಳಿಯಬೇಕಾದುದೇನು? ಬಹುಪಾಲು 40 ಇದ್ದು, ಕೆಲವು 39, ಕೆಲವು 41 ಇರಬಾರದೇಕೆ? ತಕ್ಕಡಿಯಲ್ಲಿ ಕಾಣುವುದು ಅವುಗಳ ಸರಾಸರಿ ಮಾತ್ರವಾಗಿರಬಹುದಲ್ಲವೇ? ಒಂದು ಮೂಲವಸ್ತುವಿನ ಪರಮಾಣುಗಳೆಲ್ಲ ಒಂದೇ ತೂಕದವೆಂದು ಡಾಲ್ಟನ್ನನು ಹೇಳಿದ್ದ ಮಾತನ್ನು ಅಲ್ಲಗಳೆಯುವ ಊಹೆ ಇದು. ಪ್ರಮಾಣವಿಲ್ಲದ ಕಾರಣ ಹೆಚ್ಚಿನವರು ಇದಕ್ಕೆ ಕಿವಿಗೊಡಲಿಲ್ಲ.

ಪ್ರಮಾಣ ದೊರೆತುದು ಸೀಸದಿಂದ. ಯುರೇನಿಯಂ, ಥೋರಿಯಂ ಮೊದಲಾದ ವಿಕಿರಣಶೀಲ ಮೂಲವಸ್ತುಗಳು ತಾವಾಗಿಯೇ ಒಡೆದು ಬೇರೆ ಮೂಲವಸ್ತುಗಳಾಗುತ್ತ ಕೊನೆಗೆ ಸೀಸವಾಗಿ ನಿಲ್ಲುತ್ತವೆಯೆಂಬುದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಗೊತ್ತಾಗಿತ್ತು. ಈ ಮಾರ್ಪಾಡುಗಳನ್ನು ಗ್ಲಾಸ್ಗೊ ನಗರದಲ್ಲಿ ಅಭ್ಯಸಿಸುತ್ತಿದ್ದ ಫ್ರೆಡರಿಕ್ ಸಾಡಿ, ರಾಸಾಯನಿಕ ಗುಣದಲ್ಲಿ ಎಳ್ಳಷ್ಟೂ ಭೇದವಿಲ್ಲದ, ಆದರೆ ತೂಕದಲ್ಲಿ ಬೇರೆಯಾದ ಪರಮಾಣುಗಳು ಇರುವುವೆಂದು 1913ರಲ್ಲಿ ಸಾರಿದನು. ಇಂತಹವು ಆವರ್ತ ಕೋಷ್ಟಕದ ಒಂದೇ ಮನೆಯಲ್ಲಿ ವಾಸಿಸುವುದರಿಂದ, ಒಂದೇ ಸ್ಥಾನದವು ಎಂಬ ಅರ್ಥ ಬರುವ ಗ್ರೀಕ್ ಪದವನ್ನು ಮಾರ್ಗರೆಟ್ ಟಾಡ್ ಎಂಬ ವೈದ್ಯೆ ಅವನಿಗೆ ಸೂಚಿಸಿದಳು. ಕನ್ನಡದ ಸಮಸ್ಥಾನಿ ಎಂಬ ಪದ ಅದೇ ಅರ್ಥವನ್ನು ಕೊಡುತ್ತದೆ.

ಸಾಡಿಯ ಮಾತು ನಿಜವಾದರೆ ಯುರೇನಿಯಮ್ಮಿನಿಂದ ಹುಟ್ಟಿದ ಸೀಸಕ್ಕೂ ಥೋರಿಯಮ್ಮಿನಿಂದ ಹುಟ್ಟಿದ ಸೀಸಕ್ಕೂ ತೂಕದಲ್ಲಿ ಅಂತರವಿರಬೇಕು. ಅದನ್ನು ತೂಗಬಲ್ಲವರು ಯಾರು? ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿದ್ದ ಥಿಯೋಡರ್ ರಿಚರ್ಡ್ಸ್. ಸ್ಟಾಸನ ಅಂಕಿಗಳಲ್ಲಿಯೂ ದೋಷವನ್ನು ಕಂಡುಹಿಡಿದು ತಿದ್ದಿದ್ದ ಸೂಕ್ಷ್ಮದರ್ಶಿ ಅವನು. ಜರ್ಮನಿಯಿಂದ ಫಾಯನ್ಸ್ ಎಂಬ ವಿಜ್ಞಾನಿ ತನ್ನ ಶಿಷ್ಯನಾದ ಲೆಂಬರ್ಟನನ್ನು ಈ ಕೆಲಸಕ್ಕಾಗಿಯೇ ಹಾರ್ವರ್ಡಿಗೆ ಕಳುಹಿಸಿದನು. 1914ರಲ್ಲಿ ಗುರುಶಿಷ್ಯರು ತೂಗಿದಾಗ, ಸಾಧಾರಣ ಸೀಸ 207.2 ಇದ್ದರೆ ಯುರೇನಿಯಂ ಅದುರಿನ ಸೀಸ ಅದಕ್ಕಿಂತ ಸ್ಪಷ್ಟವಾಗಿ ಕಡಮೆಯಿತ್ತು. ಮುಂದೆ ತೀರ ಶುದ್ಧವಾದ ಅದುರಿನ ಸೀಸವನ್ನು ತೂಗಿದಾಗ ಅದು 206ಕ್ಕೆ ಇಳಿಯಿತು. ಇತ್ತ ಸಿಂಹಳದ್ವೀಪದಿಂದ ತರಿಸಿದ ಥೋರಿಯಂ ಅದುರಿನ ಸೀಸವನ್ನು ಸಾಡಿ ಪರೀಕ್ಷಿಸಿದನು. ಅದರ ತೂಕ ಸುಮಾರು 207.7 ಎಂದು ಬಂದಿತು. ಬಣ್ಣ, ರುಚಿ, ಕರಗುವ ಗುಣ, ಇತರ ವಸ್ತುಗಳೊಡನೆ ಕೂಡುವ ರೀತಿ, ಎಲ್ಲದರಲ್ಲಿಯೂ ಇವು ಸೀಸವೇ. ತಕ್ಕಡಿಯೊಂದೇ ಇವುಗಳನ್ನು ಬೇರೆ ಬೇರೆ ಎಂದು ಗುರುತಿಸಿತು.

ಸೀಸವೇನೋ ವಿಕಿರಣದಿಂದ ಹುಟ್ಟಿದ ವಸ್ತು. ಸಾಮಾನ್ಯ ಮೂಲವಸ್ತುಗಳ ಗತಿಯೇನು? ಕೇಂಬ್ರಿಜ್ಜಿನ ಕ್ಯಾವೆಂಡಿಷ್ ಪ್ರಯೋಗಾಲಯದಲ್ಲಿ ಜೆ. ಜೆ. ಥಾಮ್ಸನ್ ನಿಯಾನ್ ಅನಿಲದ ವಿದ್ಯುದಾವಿಷ್ಟ ಪರಮಾಣುಗಳನ್ನು ಅಯಸ್ಕಾಂತದ ನಡುವೆ ಹಾಯಿಸಿ, ಅವು ಬಾಗುವ ಬಗೆಯನ್ನು ಛಾಯಾಫಲಕದ ಮೇಲೆ ಮೂಡಿಸುತ್ತಿದ್ದನು. ಭಾರವಾದವು ಕಡಮೆ ಬಾಗುತ್ತವೆ, ಹಗುರವಾದವು ಹೆಚ್ಚು ಬಾಗುತ್ತವೆ. ನಿಯಾನಿನ ತೂಕ 20.2. ಆದರೆ ಫಲಕದ ಮೇಲೆ 20ರ ಸ್ಥಾನದಲ್ಲಿ ಒಂದು ದಟ್ಟವಾದ ಗೆರೆಯೂ 22ರ ಸ್ಥಾನದಲ್ಲಿ ಇನ್ನೊಂದು ಮಸುಕಾದ ಗೆರೆಯೂ ಕಂಡವು. ಅವನ ಸಹಾಯಕ ಆಸ್ಟನ್ ಈ ಜಾಡನ್ನು ಹಿಡಿದನು. ನಡುವೆ ಮೊದಲನೆಯ ಮಹಾಯುದ್ಧ ಬಂದು ಕೆಲಸ ನಿಂತಿತು. ಯುದ್ಧ ಮುಗಿದು ಮರಳಿದ ಮೇಲೆ, 1919ರಲ್ಲಿ, ಅವನು ಮಾಸ್ ಸ್ಪೆಕ್ಟ್ರೋಗ್ರಾಫ್ ಎಂಬ ಉಪಕರಣವನ್ನು ನಿರ್ಮಿಸಿದನು. ಬೆಳಕನ್ನು ಬಣ್ಣಗಳಾಗಿ ಹರಡುವ ಪಟ್ಟಕದಂತೆ ಇದು ಪರಮಾಣುಗಳನ್ನು ಅವುಗಳ ಭಾರಕ್ಕೆ ಅನುಗುಣವಾಗಿ ಬೇರೆ ಬೇರೆ ಗೆರೆಗಳಾಗಿ ಹರಡುತ್ತದೆ.

ಬಹಳ ಕಾಲ ಕಳೆಯುವ ಮೊದಲೇ ಕ್ಲೋರಿನ್ನಿನ ಸರದಿ ಬಂದಿತು. ಫಲಕವನ್ನು ತೊಳೆದು ನೋಡಿದಾಗ 35ರಲ್ಲಿ ಒಂದು ಗೆರೆ, 37ರಲ್ಲಿ ಮತ್ತೊಂದು ಗೆರೆ. ಮೂವತ್ತೈದೂವರೆಯ ಸ್ಥಾನದಲ್ಲಿ ಏನೂ ಇರಲಿಲ್ಲ! ನೂರು ವರ್ಷ ಯಾವ ಸಂಖ್ಯೆಗಾಗಿ ವಿದ್ವಾಂಸರು ಹೊಡೆದಾಡಿದ್ದರೋ ಆ ತೂಕವುಳ್ಳ ಕ್ಲೋರಿನ್ ಪರಮಾಣು ಪ್ರಪಂಚದಲ್ಲಿ ಒಂದೂ ಇಲ್ಲ.

ಸಂತೆಯಲ್ಲಿ ತೆಂಗಿನಕಾಯಿ ಮಾರುವವನ ಗುಡ್ಡೆಯಲ್ಲಿ ಎರಡೇ ಬಗೆಯ ಕಾಯಿಗಳಿವೆಯೆಂದೂ ಒಂದು ಬಗೆಯದು 350 ಗ್ರಾಂ, ಇನ್ನೊಂದು 370 ಗ್ರಾಂ ತೂಗುವುದೆಂದೂ ಭಾವಿಸಬಹುದು. ಪ್ರತಿ ನಾಲ್ಕು ಕಾಯಿಗಳಲ್ಲಿ ಮೂರು ಹಗುರವಾದವು, ಒಂದು ಭಾರವಾದುದು. ಗುಡ್ಡೆಯನ್ನೆಲ್ಲ ತೂಗಿ ಕಾಯಿಗಳ ಸಂಖ್ಯೆಯಿಂದ ಭಾಗಿಸಿದರೆ ಒಂದು ಕಾಯಿಗೆ 355 ಗ್ರಾಂ ಬರುತ್ತದೆ. ಲೆಕ್ಕ ಸರಿಯಾಗಿದೆ, ವ್ಯಾಪಾರಕ್ಕೂ ಅದು ಸಾಕು. ಆದರೆ ಗುಡ್ಡೆಯನ್ನು ಎಷ್ಟು ಕೆದಕಿದರೂ 355 ಗ್ರಾಮಿನ ಕಾಯಿ ಸಿಕ್ಕುವುದಿಲ್ಲ. ಸ್ಟಾಸನೂ ಬರ್ಜೀಲಿಯಸನೂ ತೂಗಿದುದು ಇಂತಹ ಗುಡ್ಡೆಯನ್ನು. ಒಂದು ಗ್ರಾಂ ಕ್ಲೋರಿನ್ನಿನಲ್ಲಿ ಸುಮಾರು ಹದಿನೇಳು ಕೋಟಿ ಕೋಟಿ ಕೋಟಿ ಪರಮಾಣುಗಳಿರುತ್ತವೆ. ಅವುಗಳಲ್ಲಿ ನೂರಕ್ಕೆ 75.76 ಹಗುರವಾದುವು, 24.24 ಭಾರವಾದುವು. ಭೂಮಿಯ ಮೇಲೆ ಎಲ್ಲಿಂದ ತಂದ ಉಪ್ಪಿನಲ್ಲಿಯೂ ಈ ಪ್ರಮಾಣ ಬಹುಮಟ್ಟಿಗೆ ಒಂದೇ ಆಗಿರುವುದರಿಂದ, ಎಲ್ಲಿ ತೂಗಿದರೂ ಅದೇ ಸರಾಸರಿ ಬಂದು ವಿಜ್ಞಾನಿಗಳನ್ನು ದಾರಿ ತಪ್ಪಿಸಿತ್ತು.

ಈಗ ಮೂರು ಪದಗಳ ಅರ್ಥವನ್ನು ಹೇಳುವುದು ಸುಲಭ. ಪರಮಾಣುವಿನ ನಡುವೆ ಬೀಜವಿದೆ. ಅದರಲ್ಲಿ ಧನ ವಿದ್ಯುತ್ತುಳ್ಳ ಪ್ರೋಟಾನುಗಳೂ ವಿದ್ಯುತ್ತಿಲ್ಲದ ನ್ಯೂಟ್ರಾನುಗಳೂ ಇವೆ. ಪ್ರೋಟಾನಿಗೆ ಆ ಹೆಸರನ್ನಿಟ್ಟವನು ರುದರ್ಫರ್ಡ್. ಮರೆತುಹೋಗಿದ್ದ ಪ್ರೌಟನ ಹೆಸರೂ ಅದರಲ್ಲಿ ಧ್ವನಿಸುತ್ತದೆ. ನ್ಯೂಟ್ರಾನನ್ನು 1932ರಲ್ಲಿ ಚಾಡ್ವಿಕ್ ಕಂಡುಹಿಡಿದನು. ಪ್ರೋಟಾನುಗಳ ಎಣಿಕೆಯೇ ಪರಮಾಣು ಸಂಖ್ಯೆ. ಮೂಲವಸ್ತು ಯಾವುದೆಂಬುದನ್ನು ನಿರ್ಧರಿಸುವುದು ಅದು. ಹದಿನೇಳು ಪ್ರೋಟಾನುಗಳಿದ್ದರೆ ಅದು ಕ್ಲೋರಿನ್ನೇ. ಪ್ರೋಟಾನುಗಳನ್ನೂ ನ್ಯೂಟ್ರಾನುಗಳನ್ನೂ ಕೂಡಿಸಿ ಎಣಿಸಿದರೆ ಬರುವುದು ರಾಶಿಸಂಖ್ಯೆ. ಹಗುರವಾದ ಕ್ಲೋರಿನ್ನಿನಲ್ಲಿ ಹದಿನೆಂಟು ನ್ಯೂಟ್ರಾನುಗಳು, ಭಾರವಾದುದರಲ್ಲಿ ಇಪ್ಪತ್ತು. ಆದುದರಿಂದ 35 ಮತ್ತು 37. ರಾಶಿಸಂಖ್ಯೆ ಎಣಿಸಿ ಪಡೆದುದೇ ಹೊರತು ತೂಗಿ ಪಡೆದುದಲ್ಲ. ತರಗತಿಯಲ್ಲಿ ನಲವತ್ತೂವರೆ ವಿದ್ಯಾರ್ಥಿಗಳು ಇರಲು ಹೇಗೆ ಸಾಧ್ಯವಿಲ್ಲವೋ ಹಾಗೆಯೇ ರಾಶಿಸಂಖ್ಯೆಯಲ್ಲಿ ಭಿನ್ನರಾಶಿ ಬರಲು ಸಾಧ್ಯವಿಲ್ಲ. ಅದಕ್ಕೆ ಗ್ರಾಂ ಮೊದಲಾದ ಮಾನವೂ ಇಲ್ಲ.

ಪರಮಾಣು ರಾಶಿಯಾದರೋ ತೂಗಿ ಪಡೆದುದು. ಒಂದೇ ಒಂದು ಪರಮಾಣುವಿನಲ್ಲಿ ಎಷ್ಟು ದ್ರವ್ಯವಿದೆಯೆಂಬುದನ್ನು ಅದು ಹೇಳುತ್ತದೆ. ಗ್ರಾಮಿನಲ್ಲಿ ಹೇಳಹೊರಟರೆ ಅಂಕಿ ಬಾಯಿಗೆ ಬರುವಂತಹುದಲ್ಲ. ಆದುದರಿಂದ ರಾಶಿಸಂಖ್ಯೆ 12 ಇರುವ ಇಂಗಾಲದ ಪರಮಾಣುವನ್ನು ಸರಿಯಾಗಿ 12 ಎಂದಿಟ್ಟುಕೊಂಡು, ಅದರ ಹನ್ನೆರಡನೆಯ ಒಂದು ಭಾಗವನ್ನು ಮಾನವಾಗಿ ಬಳಸುತ್ತಾರೆ. 1.66 ಗ್ರಾಮನ್ನು, ಒಂದರ ಮುಂದೆ ಇಪ್ಪತ್ತನಾಲ್ಕು ಸೊನ್ನೆಗಳಿರುವ ಸಂಖ್ಯೆಯಿಂದ ಭಾಗಿಸಿದರೆ ಎಷ್ಟೋ ಅಷ್ಟು ಈ ಮಾನ. ಈ ಅಳತೆಯಿಂದ ಹಗುರ ಕ್ಲೋರಿನ್ 34.96885, ಭಾರ ಕ್ಲೋರಿನ್ 36.96590. ಮೊದಲನೆಯದನ್ನು 0.7576ರಿಂದಲೂ ಎರಡನೆಯದನ್ನು 0.2424ರಿಂದಲೂ ಗುಣಿಸಿ ಕೂಡಿಸಿದರೆ 35.45 ಬರುತ್ತದೆ. ಸಮಸ್ಥಾನಿಗಳು ಪ್ರಕೃತಿಯಲ್ಲಿ ಬೆರೆತಿರುವ ಪ್ರಮಾಣಕ್ಕನುಗುಣವಾದ ಈ ಸರಾಸರಿಯೇ ಪರಮಾಣು ತೂಕ.

ಇಲ್ಲಿ ಚುರುಕಾದ ವಿದ್ಯಾರ್ಥಿಯೊಬ್ಬನು ಆಕ್ಷೇಪಿಸಬಹುದು. ಗೆರೆಗಳು 35ರಲ್ಲಿಯೂ 37ರಲ್ಲಿಯೂ ಇದ್ದವಲ್ಲ, ಈಗ 34.96885 ಎಂಬುದು ಎಲ್ಲಿಂದ ಬಂದಿತು? ಆಕ್ಷೇಪ ಸರಿಯಾದುದೇ. ಆಸ್ಟನ್ನನ ಮೊದಲ ಉಪಕರಣ ಸಾವಿರಕ್ಕೆ ಒಂದರಷ್ಟು ಸೂಕ್ಷ್ಮವಾಗಿತ್ತು. ಅದಕ್ಕಿಂತ ಸಣ್ಣ ಅಂತರ ಅದಕ್ಕೆ ಕಾಣುವಂತಿರಲಿಲ್ಲ. ಹೀಗಿದ್ದರೂ ಜಲಜನಕ ಮಾತ್ರ 1ರಲ್ಲಿ ನಿಲ್ಲದೆ 1.008ರಲ್ಲಿ ನಿಂತು, ಇನ್ನೂ ಏನೋ ಗುಟ್ಟಿದೆಯೆಂದು ಸೂಚಿಸಿತು. ಮುಂದಿನ ಉಪಕರಣಗಳು ಆ ಗುಟ್ಟನ್ನು ಬಯಲಿಗೆಳೆದುವು. ಬಿಡಿ ಬಿಡಿಯಾಗಿರುವಾಗ ಪ್ರೋಟಾನು ನ್ಯೂಟ್ರಾನುಗಳು ಎಷ್ಟು ತೂಗುತ್ತವೆಯೋ, ಬೀಜದಲ್ಲಿ ಒಟ್ಟುಗೂಡಿದ ಮೇಲೆ ಅಷ್ಟು ತೂಗುವುದಿಲ್ಲ! ನಿತ್ಯಜೀವನದಲ್ಲಿ ಇಂತಹ ಅನುಭವವಿಲ್ಲ. ಹತ್ತು ಸೇರು ರಾಗಿಯನ್ನು ಒಂದು ಚೀಲಕ್ಕೆ ತುಂಬಿದರೆ ಹತ್ತು ಸೇರೇ ಇರುತ್ತದೆ. ಆದರೆ ಬೀಜದ ಒಳಗೆ ಕಣಗಳು ಬಿಗಿಯಾಗಿ ಕೂಡುವಾಗ ದ್ರವ್ಯದ ಒಂದು ಅಲ್ಪಾಂಶ ಶಕ್ತಿಯಾಗಿ ಹೊರಗೆ ಹೋಗುತ್ತದೆ. ದ್ರವ್ಯವೂ ಶಕ್ತಿಯೂ ಒಂದು ಇನ್ನೊಂದಾಗಬಲ್ಲುವೆಂದು ಐನ್‌ಸ್ಟೈನ್ 1905ರಲ್ಲಿಯೇ ತೋರಿಸಿದ್ದನು.

ಜಲಜನಕದ ಒಂದು ಪರಮಾಣುವಿನ ರಾಶಿ 1.007825, ನಾಲ್ಕಕ್ಕೆ 4.0313. ಈ ನಾಲ್ಕು ಕೂಡಿ ಆಗುವ ಹೀಲಿಯಮ್ಮಿನ ರಾಶಿ 4.0026. ಎರಡರ ರಾಶಿಸಂಖ್ಯೆಯ ಲೆಕ್ಕದಲ್ಲಿ ವ್ಯತ್ಯಾಸವಿಲ್ಲ. ಅಲ್ಲಿಯೂ ನಾಲ್ಕು, ಇಲ್ಲಿಯೂ ನಾಲ್ಕು. ಆದರೆ ರಾಶಿಯಲ್ಲಿ 0.0287ರಷ್ಟು, ಎಂದರೆ ಸಾವಿರಕ್ಕೆ ಏಳರಷ್ಟು, ಕೊರತೆ ಬಿದ್ದಿದೆ. ಆಸ್ಟನ್ನನ ಅಂಕಿಗಳನ್ನು ಕಂಡ ಖಗೋಳವಿಜ್ಞಾನಿ ಎಡಿಂಗ್ಟನ್, 1920ರಲ್ಲಿ, ಸೂರ್ಯನು ಕೋಟ್ಯಂತರ ವರ್ಷಗಳಿಂದ ಆರದೆ ಉರಿಯುತ್ತಿರುವುದರ ರಹಸ್ಯ ಈ ಕೊರತೆಯಲ್ಲಿಯೇ ಇರಬಹುದೆಂದನು. ಅವನ ಊಹೆ ನಿಜವಾಯಿತು. ಸೂರ್ಯನು ಒಂದೊಂದು ಸೆಕೆಂಡಿಗೂ ಸುಮಾರು 40 ಲಕ್ಷ ಟನ್ನು ದ್ರವ್ಯವನ್ನು ಬೆಳಕಾಗಿಯೂ ಶಾಖವಾಗಿಯೂ ವ್ಯಯಮಾಡುತ್ತಿದ್ದಾನೆ. ಪರಮಾಣು ರಾಶಿಯನ್ನು ಪೂರ್ಣಾಂಕಕ್ಕೆ ತಿದ್ದಿ ಬರೆದರೆ ಲೆಕ್ಕ ಚೊಕ್ಕಟವಾಗಿ ಕಾಣುತ್ತದೆ, ನಿಜ. ಆದರೆ ಹಾಗೆ ಬರೆದ ಪುಟದಲ್ಲಿ ಸೂರ್ಯನಿಗೆ ಉರಿಯಲು ಏನೂ ಉಳಿದಿರುವುದಿಲ್ಲ.

ರಾಶಿಸಂಖ್ಯೆಗೂ ಪರಮಾಣು ರಾಶಿಗೂ ಇರುವ ಭೇದವನ್ನು ತೋರಿಸಲು ಇನ್ನೊಂದು ನಿದರ್ಶನವಿದೆ. ಆರ್ಗಾನ್, ಪೊಟ್ಯಾಸಿಯಂ, ಕ್ಯಾಲ್ಸಿಯಂ ಈ ಮೂರರಲ್ಲಿಯೂ ರಾಶಿಸಂಖ್ಯೆ 40 ಇರುವ ಪರಮಾಣುಗಳುಂಟು. ಎಣಿಕೆ ಒಂದೇ, ರಾಶಿ ಮಾತ್ರ ಕ್ರಮವಾಗಿ 39.9624, 39.9640, 39.9626. ಈ ಅತ್ಯಲ್ಪ ವ್ಯತ್ಯಾಸ ಲಕ್ಷಿಸಬೇಕಾದುದೇ ಅಲ್ಲವೆಂದು ತೋರಬಹುದು. ಆದರೆ ಮೂರರಲ್ಲಿ ಭಾರವಾದ ಪೊಟ್ಯಾಸಿಯಂ ಆ ಕಾರಣದಿಂದಲೇ ಸ್ಥಿರವಾಗಿರಲಾರದೆ, 125 ಕೋಟಿ ವರ್ಷಗಳಿಗೆ ಅರ್ಧದಷ್ಟರಂತೆ ಕರಗುತ್ತ, ಹೆಚ್ಚಿನ ಪಾಲು ಕ್ಯಾಲ್ಸಿಯಮ್ಮಾಗಿಯೂ ಉಳಿದುದು ಆರ್ಗಾನ್ ಆಗಿಯೂ ಮಾರ್ಪಡುತ್ತದೆ. ಗಾಳಿಯಲ್ಲಿ ನೂರಕ್ಕೆ ಸುಮಾರು ಒಂದು ಭಾಗವಿರುವ ಆರ್ಗಾನ್ ಹೆಚ್ಚುಕಡಮೆ ಎಲ್ಲವೂ ಹೀಗೆ ಬಂಡೆಗಳ ಒಡಲಿನಿಂದ ಹೊರಬಂದುದು. ಆದುದರಿಂದ ಭೂಮಿಯ ಮೇಲೆ ಆರ್ಗಾನಿನ ಪರಮಾಣು ತೂಕ 39.95. ಸೂರ್ಯನಲ್ಲಿರುವ ಆರ್ಗಾನಿನಲ್ಲಾದರೋ ರಾಶಿಸಂಖ್ಯೆ 36 ಇರುವ ಪರಮಾಣುಗಳೇ ಹೆಚ್ಚು. ಅಲ್ಲಿ ಒಬ್ಬ ರಸಾಯನಶಾಸ್ತ್ರಜ್ಞನು ಇರಬಹುದಾಗಿದ್ದರೆ ಅವನ ಕೋಷ್ಟಕದಲ್ಲಿ ಆರ್ಗಾನಿನ ತೂಕ 36ರ ಸಮೀಪದ ಅಂಕಿಯಾಗಿರುತ್ತಿತ್ತು! ರಾಶಿಸಂಖ್ಯೆಯೂ ಪರಮಾಣು ರಾಶಿಯೂ ಎಲ್ಲಿಗೆ ಹೋದರೂ ಬದಲಾಗುವುದಿಲ್ಲ. ಪರಮಾಣು ತೂಕವಾದರೋ ವಸ್ತುವನ್ನು ಎಲ್ಲಿಂದ ತಂದರೆಂಬುದನ್ನು ಅವಲಂಬಿಸಿರುತ್ತದೆ.

ತೂಕವೆಂಬ ಪದವೂ ಸ್ವಲ್ಪ ಮೋಸಗೊಳಿಸುವಂತಹುದೇ. ತೂಕವೆಂದರೆ ಭೂಮಿ ವಸ್ತುವನ್ನು ಎಳೆಯುವ ಬಲ. ಚಂದ್ರನ ಮೇಲೆ ಅದು ಆರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಆದರೆ ಪರಮಾಣು ತೂಕ ಒಂದಕ್ಕೊಂದರ ಪ್ರಮಾಣವನ್ನು ಹೇಳುವ ಅಂಕಿಯಾದುದರಿಂದ ಕ್ಲೋರಿನ್ನನ್ನು ಚಂದ್ರನಿಗೆ ಒಯ್ದರೂ ಅದು 35.45 ಆಗಿಯೇ ಉಳಿಯುತ್ತದೆ. ಇದಕ್ಕಾಗಿಯೇ ಕೆಲವರು ಸಾಪೇಕ್ಷ ಪರಮಾಣು ರಾಶಿಯೆಂಬ ಹೆಸರನ್ನು ಬಳಸುತ್ತಾರೆ. ಆದರೂ ಡಾಲ್ಟನ್ನನ ಕಾಲದಿಂದ ಬಂದ ಹೆಸರು ಬಿಟ್ಟುಹೋಗಿಲ್ಲ.

ಅಳತೆಯ ಮಾನವನ್ನು ಕುರಿತೂ ಒಂದು ಚಿಕ್ಕ ಜಗಳ ನಡೆಯಿತು. ಒಂದು ಕಾಲದಲ್ಲಿ ಇಂಗಾಲದ ಬದಲು ಆಮ್ಲಜನಕವನ್ನು 16 ಎಂದಿಟ್ಟುಕೊಂಡಿದ್ದರು. ಆಮ್ಲಜನಕಕ್ಕೂ 17, 18 ರಾಶಿಸಂಖ್ಯೆಯ ಸಮಸ್ಥಾನಿಗಳಿರುವುವೆಂದು 1929ರಲ್ಲಿ ತಿಳಿದಾಗ, ರಸಾಯನಶಾಸ್ತ್ರಜ್ಞರು ಗಾಳಿಯ ಆಮ್ಲಜನಕದ ಮಿಶ್ರಣವನ್ನು 16 ಎಂದರು; ಭೌತವಿಜ್ಞಾನಿಗಳು ಅದರಲ್ಲಿ ಹಗುರವಾದುದನ್ನು ಮಾತ್ರ 16 ಎಂದರು. ಹತ್ತು ಸಾವಿರಕ್ಕೆ ಸುಮಾರು ಮೂರರಷ್ಟು ಅಂತರವಿದ್ದ ಎರಡು ಕೋಷ್ಟಕಗಳು ಮೂವತ್ತು ವರ್ಷ ಜೊತೆಜೊತೆಯಾಗಿ ನಡೆದುವು. 1961ರ ವೇಳೆಗೆ ಇಬ್ಬರೂ ಇಂಗಾಲ 12ನ್ನು ಒಪ್ಪಿಕೊಂಡರು.

ಪರಮಾಣು ತೂಕ ಪ್ರಕೃತಿಯ ಅಚಲವಾದ ಅಂಕಿಯಲ್ಲವೆಂಬುದಕ್ಕೆ ಮನುಷ್ಯನೇ ಒಂದು ವಿಲಕ್ಷಣವಾದ ಸಾಕ್ಷ್ಯವನ್ನು ಒದಗಿಸಿದ್ದಾನೆ. ಲಿಥಿಯಂ ಎಂಬ ಹಗುರ ಲೋಹದಲ್ಲಿ 6 ಮತ್ತು 7 ರಾಶಿಸಂಖ್ಯೆಯ ಎರಡು ಸಮಸ್ಥಾನಿಗಳಿವೆ. ಜಲಜನಕ ಬಾಂಬಿನ ತಯಾರಿಕೆಗೆ ಹಗುರವಾದುದು ಬೇಕಾಗಿ ಅದನ್ನು ಗುಟ್ಟಾಗಿ ಬೇರ್ಪಡಿಸಿ ತೆಗೆದರು. ಉಳಿದ ಲಿಥಿಯಂ ಅಂಗಡಿಗಳಿಗೂ ಪ್ರಯೋಗಾಲಯಗಳಿಗೂ ಬಂದಿತು. ಕೋಷ್ಟಕದಲ್ಲಿ 6.94 ಎಂದಿದ್ದರೆ ಶೀಷೆಯಲ್ಲಿದ್ದ ಲಿಥಿಯಮ್ಮಿನ ತೂಕ 6.99ರವರೆಗೂ ಏರಿತ್ತು. ಕೋಷ್ಟಕವನ್ನು ನಂಬಿ ಲೆಕ್ಕ ಹಾಕಿದವನ ಉತ್ತರ ಅವನ ತಪ್ಪಿಲ್ಲದೆಯೇ ತಪ್ಪಾಗುತ್ತಿತ್ತು.

ಇಂತಹ ಕಾರಣಗಳಿಂದ ಅಂತರರಾಷ್ಟ್ರೀಯ ರಸಾಯನಶಾಸ್ತ್ರ ಸಂಘವು 2010ರಲ್ಲಿ ಒಂದು ಹೊಸ ಕ್ರಮವನ್ನು ಪ್ರಕಟಿಸಿತು. ಜಲಜನಕ, ಲಿಥಿಯಂ, ಇಂಗಾಲ, ಆಮ್ಲಜನಕ, ಕ್ಲೋರಿನ್ ಮೊದಲಾದ ಹತ್ತು ಮೂಲವಸ್ತುಗಳ ಪರಮಾಣು ತೂಕವನ್ನು ಒಂದೇ ಅಂಕಿಯಲ್ಲಿ ಹೇಳದೆ, ಇಷ್ಟರಿಂದ ಇಷ್ಟರವರೆಗೆ ಎಂದು ಎರಡು ಅಂಕಿಗಳಲ್ಲಿ ಹೇಳಬೇಕೆಂದು ಗೊತ್ತುಪಡಿಸಿತು. ಕ್ಲೋರಿನ್ನಿನದು 35.446ರಿಂದ 35.457ರವರೆಗೆ. ಶಾಲೆಯ ಲೆಕ್ಕಕ್ಕೆ 35.45 ಅಥವಾ 35.5 ಸಾಕು. ಚಿನ್ನಕ್ಕೆ ಇಂತಹ ತೊಡಕಿಲ್ಲ. ಪ್ರಕೃತಿಯಲ್ಲಿ ದೊರೆಯುವ ಚಿನ್ನಕ್ಕೆ ಇರುವುದು 197 ರಾಶಿಸಂಖ್ಯೆಯ ಒಂದೇ ಬಗೆಯ ಪರಮಾಣು. 2001ರಲ್ಲಿ ಮುಚ್ಚಿದ ಕೋಲಾರದ ಗಣಿಯಿಂದ ಬಂದುದಾಗಲಿ, ರಾಯಚೂರು ಜಿಲ್ಲೆಯ ಹಟ್ಟಿಯ ಗಣಿಯಿಂದ ತೆಗೆಯುತ್ತಿರುವುದಾಗಲಿ, ಆಫ್ರಿಕದ ಚಿನ್ನವಾಗಲಿ, ಎಲ್ಲದರ ತೂಕವೂ 196.96657; ಅದರ ಪರಮಾಣು ರಾಶಿಯೂ ಅದೇ.

ಸೀಸದ ವಿಷಯದಲ್ಲಿ ಮಾತ್ರ ಸಂಘವು ಬಹುಕಾಲ 207.2 ಎಂಬ ಒಂದೇ ಅಂಕಿಯನ್ನು ಉಳಿಸಿಕೊಂಡು ಬಂದಿತು. 2020ರ ದಶಕದ ಆರಂಭದಲ್ಲಿ ಅದನ್ನೂ ಬಿಟ್ಟು, 206.14ರಿಂದ 207.94ರವರೆಗೆ ಎಂದು ನಿರ್ಣಯಿಸಿತು. ಕೆಳಗಿನ ಅಂಕಿ ರಿಚರ್ಡ್ಸ್ ತೂಗಿದಂತಹ ಯುರೇನಿಯಂ ಅದುರಿನ ಸೀಸಕ್ಕೆ ಹತ್ತಿರವಾಗಿದೆ. ಮೇಲಿನದು ಸಾಡಿ ಪರೀಕ್ಷಿಸಿದ ಸಿಂಹಳದ ಥೋರಿಯಂ ಅದುರಿನ ಸೀಸಕ್ಕೆ ಹತ್ತಿರವಾಗಿದೆ.